ಬೋಳು ನೆಲದ ಹೆಸರುಗಳು

ಈ ಅಧ್ಯಾಯಕ್ಕೆ ತಗಲಿದ ಖರ್ಚು ಒಬ್ಬ ಅಣ್ಣ. ಮೊದಲೇ ಹೇಳಿಬಿಡುತ್ತೇನೆ; ಸೈಟು ತೋರಿಸುವ ಮುಂಚೆ ರೇಟು ಹೇಳುವುದು ನನ್ನ ಕಸುಬಿನ ಕ್ರಮ. ಕೆ.ಆರ್. ಪುರದ ಕಡೆ ಜಾಗ ಕೊಡಿಸುವುದು, ಮಾರಿಸುವುದು ನನ್ನ ಹೊಟ್ಟೆಪಾಡು. ಬಂಡವಾಳ ಅಂತ ಯಾರೂ ಕೊಟ್ಟದ್ದಿಲ್ಲ, ಬಾಯೊಂದೇ ಇದ್ದದ್ದು. ಚೌಕಾಸಿಯಲ್ಲಿ ನನ್ನನ್ನು ಗೆದ್ದವರು ಕಡಿಮೆ. ಆದರೆ ಈ ಬರಹದ ವಿಷಯದಲ್ಲಿ ಅಣ್ಣ ರಫೀಕನ ಜೊತೆ ವ್ಯವಹಾರ ಕುದುರಲಿಲ್ಲ. ನಮ್ಮ ಅಮ್ಮಿ ಹೇಗೆ ಸತ್ತಳು ಅಂತ ಬರೆಯುತ್ತಿದ್ದೇನೆ ಎಂದು ನಾನೇ ಫೋನು ಮಾಡಿ ತಿಳಿಸಿದೆ. ಕದ್ದುಮುಚ್ಚಿ ಬರೆದರೆ ಅದೇ ಹಳೇ ರೋಗ.

"ದಾದಾ ಬಗ್ಗೆ ಬರಿ, ಮನೆ ಬಗ್ಗೆ ಬರಿ, ಊಟ ತಿಂಡಿ ಬಗ್ಗೆ ಬರಿ, ಯಾರು ಬೇಡ ಅಂದ್ರು? ಅಮ್ಮಿ ಮೈ ಬಗ್ಗೆ ಮಾತ್ರ ಬಜಾರಲ್ಲಿ ಮಾತಾಡ್ಬೇಡ."

"ಕಾಯಿಲೆ ಹೆಸರು ಬರೀತೀನಿ. ಎಲ್ಲಿ ಬಂತು ಅಂತ ಬರೆಯಲ್ಲ. ಆಗ್ಬಹುದಾ?"

"ನಕ್ಕೋ. ಬೇಡ ಅಂದ್ರೆ ಬೇಡ."

"ನಿನ್ನ ಹೆಸರು ಬದಲಾಯಿಸ್ತೀನಿ."

"ನನ್ನ ಹೆಸರು ಏನಾದ್ರೂ ಮಾಡ್ಕೋ ಮುನ್ನಿ. ಅವಳನ್ನ ಮುಚ್ಚಿಡು."

ಮುಚ್ಚಿಟ್ಟಿದ್ದಕ್ಕೇ ಅಲ್ಲವೇನೋ ಅವಳು ಹೋದದ್ದು, ಅಂದೆ. ಫೋನು ಇಟ್ಟ. ಹಬ್ಬದ ದಿನವೂ ಎತ್ತಲಿಲ್ಲ. ಅವನ ಹೆಸರು ಬದಲಾಯಿಸಿದ್ದೇನೆ, ಆ ಮಾತು ಉಳಿಸಿಕೊಂಡಿದ್ದೇನೆ. ಉಳಿದದ್ದನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ನಮ್ಮ ಮನೆ ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದು ದಾದಾನದು, ಅಂದರೆ ನಮ್ಮ ತಂದೆಯ ತಂದೆಯದು. ಅಲ್ಲಿ ಅವರು ಗಲ್ಲಿಯ ಹುಡುಗರಿಗೆ ಅರಬ್ಬಿ ಕಲಿಸುತ್ತಿದ್ದರು. ನಡುವಿನದರಲ್ಲಿ ನಾವೆಲ್ಲ ಮಲಗುವುದು, ಉಣ್ಣುವುದು, ಜಗಳವಾಡುವುದು. ಕೊನೆಯದು ಅಮ್ಮಿಯ ಅಡುಗೆಮನೆ, ಕಿಟಕಿಯಿಲ್ಲದ್ದು. ಮುಂದಿನ ಕೋಣೆಗೂ ನಡುವಿನ ಕೋಣೆಗೂ ಬಾಗಿಲಿರಲಿಲ್ಲ, ಅಬ್ಬಾನ, ಅಂದರೆ ನಮ್ಮ ತಂದೆಯ, ಬಟ್ಟೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಹಸಿರು ಥಾನಿನ ಪರದೆ ಇತ್ತು. ಹೊರಗಿಂದ ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳ ಕೂಗು, ಮಟನ್ ಅಂಗಡಿಗಳ ಕತ್ತಿಯ ಸದ್ದು, ಹಸಿ ಚರ್ಮದ ವಾಸನೆ. ಒಳಗೆ ದಾದಾನ ಧ್ವನಿ. ಆ ಧ್ವನಿ ಶುರುವಾದರೆ ಅಮ್ಮಿ ಪಾತ್ರೆ ಕೆಳಗಿಡುವುದನ್ನೂ ಮೆಲ್ಲಗೆ ಮಾಡುತ್ತಿದ್ದಳು. ಬೆಳ್ಳುಳ್ಳಿ ಸುಲಿಯುವುದು, ಅಕ್ಕಿ ಆರಿಸುವುದು, ಗುಂಡಿ ಹಾಕುವುದು, ಎಲ್ಲ ಕೆಲಸ ಪರದೆಯ ಈಚೆಗೆ ತಂದು ಕೂರುತ್ತಿದ್ದಳು. ಅವಳಿಗೆ ಯಾರೂ ಅರಬ್ಬಿ ಕಲಿಸಲಿಲ್ಲ. ಅವಳು ಅಲ್ಲಿ ಕೂತಿರುತ್ತಿದ್ದಳು, ಅಷ್ಟೆ.

ದಾದಾ ಪದಗಳನ್ನು ಸಂಸಾರ ಸಂಸಾರವಾಗಿ ಕಲಿಸುತ್ತಿದ್ದರು. ಒಂದು ಸಂಜೆ ಒಂಟೆಯ ಪದಗಳು, ಒಂದು ಸಂಜೆ ಮೋಡದವು. ಅವರಿಗೆ ಅತಿ ಪ್ರೀತಿಯದು ಮಾತ್ರ ಏನೂ ಬೆಳೆಯದ ಸಮತಟ್ಟು ನೆಲದ ಪದಗಳು. ಎತ್ತ ನೋಡಿದರೂ ಉಬ್ಬುತಗ್ಗಿಲ್ಲದ ಬಯಲು ಸಫ್‌ಸಫ್. ಸಮತಟ್ಟಾಗಿದ್ದೂ ತಗ್ಗಿನಲ್ಲಿದ್ದು ಮಳೆನೀರು ಬಂದು ನಿಲ್ಲುವ ನೆಲ ಕಾಅ. ಗಿಡವಿಲ್ಲದ್ದು ಜರ್ದಾ, ಅದನ್ನೇ ಮೈಮೇಲೆ ಕೂದಲಿಲ್ಲದವರಿಗೂ ಹೇಳುತ್ತಾರೆ. ಬೋಳು ನೆಲ ಸಲ್‌ಆ. ಬೋಳು ತಲೆಯ ಹೆಂಗಸೂ ಸಲ್‌ಆ. ಆ ಜನ ನೆಲವನ್ನು ಮೈಯ ಹಾಗೆ, ಮೈಯನ್ನು ನೆಲದ ಹಾಗೆ ನೋಡಿದವರು ಎಂದು ದಾದಾ ಹೇಳುತ್ತಿದ್ದರು. ಅವರ ಕಣ್ಣು ಆಗ ಹೊಳೆಯುತ್ತಿತ್ತು.

"ಏನೂ ಇಲ್ಲ ಅಂತ ಬಾಯಿ ಮುಚ್ಚಿಕೊಳ್ಳಲಿಲ್ಲ ಅವರು. ಹೇಗೆ ಇಲ್ಲ ಅಂತ ನೋಡಿದ್ರು. ನೋಡಿ ಹೆಸರಿಟ್ರು."

ಮರುಭೂಮಿ ಅವರು ಕಂಡವರಲ್ಲ. ಕಂಡ ಬಯಲೆಂದರೆ ಹಲಸೂರಿನ ಹತ್ತಿರ ಮಿಲಿಟರಿಯವರ ಮೈದಾನ. ರಜೆಯ ದಿನ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ತಂತಿ ಬೇಲಿಗೆ ಮೂಗು ತಾಗಿಸಿ ನಿಲ್ಲಿಸುತ್ತಿದ್ದರು. ಕಾವಲಿನ ಸಿಪಾಯಿಗೆ ನಮ್ಮನ್ನು ನೋಡಿದರೆ ತಮಾಷೆ.

"ಏನ್ ಬಡೇಮಿಯಾ, ಮೈದಾನ ಖರೀದಿ ಮಾಡ್ತೀರಾ?"

"ಇಲ್ಲ ಬೇಟಾ, ಮಕ್ಕಳಿಗೆ ಇದರ ಹೆಸರು ಹೇಳಿಕೊಡ್ತಾ ಇದ್ದೀನಿ."

"ಹೆಸರು ಬೋರ್ಡಿನ ಮೇಲೇ ಬರೆದಿದೆಯಲ್ಲ!"

ದಾದಾ ನಗುತ್ತಿದ್ದರು. ವಾಪಸು ಬರುವಾಗ ಬೇಸಗೆಯಲ್ಲಿ ನೀರು ಹಿಂದೆ ಸರಿದ ಹಲಸೂರು ಕೆರೆಯ ಅಂಚನ್ನು ಕೋಲಿನಿಂದ ತೋರಿಸಿ ಕೇಳುತ್ತಿದ್ದರು, "ಇದು ಸಫ್‌ಸಫಾ, ಕಾಅನಾ?" ಕಾಅ ಎಂದವರಿಗೆ ಕಡಲೆಕಾಯಿ. ರಫೀಕ ತಪ್ಪು ಹೇಳಿದರೆ ಅವನ ಪಾಲೂ ನನಗೆ. ನಾನು ತಪ್ಪು ಹೇಳುತ್ತಿರಲಿಲ್ಲ. ಒಣಗಿದಾಗ ಎರಡೂ ಒಂದೇ ಥರ ಕಾಣುತ್ತವೆ, ಆದರೆ ತಗ್ಗಿನ ಮಣ್ಣು ಬಿರುಕು ಬಿಟ್ಟಿರುತ್ತದೆ. ಇವತ್ತು ನನ್ನ ಅನ್ನ ಆ ಬಿರುಕಿನಿಂದಲೇ ಬರುತ್ತಿದೆ.

ಈ ಪದಗಳಿಂದ ನಮ್ಮ ಮನೆಯಲ್ಲೊಂದು ಕಾಯಿದೆ ಹುಟ್ಟಿತ್ತು. ಮೈಯ ಕೊರತೆಯನ್ನು ಉರ್ದುವಿನಲ್ಲಿ ಆಡುವ ಹಾಗಿಲ್ಲ. ಬೋಡಿಗೆ ಗಂಜಿ, ಕುಂಟನಿಗೆ ಲಂಗಡಾ ಅಂತೆಲ್ಲ ಯಾರ ಬಾಯಲ್ಲಿ ಬಂದರೂ ದಾದಾ ತಟ್ಟೆ ಬಿಟ್ಟು ಏಳುತ್ತಿದ್ದರು. ಹೇಳಲೇಬೇಕಿದ್ದರೆ ಅರಬ್ಬಿಯಲ್ಲಿ, ನೆಲದ ಮಾತಿನಲ್ಲಿ. ನೆಲಕ್ಕೆ ನಾಚಿಕೆಯಿಲ್ಲ, ಅದರ ಮಾತು ಕಡ ತಂದರೆ ಮೈಗೂ ನೋವಾಗುವುದಿಲ್ಲ ಎಂಬುದು ಅವರ ತರ್ಕ. ಆ ಕಾಯಿದೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಟೈಫಾಯಿಡ್ ಬಂದು ನನ್ನ ಕೂದಲು ಉದುರಿಹೋದಾಗ ಅದರ ಲಾಭ ಉಂಡವಳು ನಾನೇ. ಸೀಟು ಸಿಕ್ಕಿದ್ದು ಹಲಸೂರಿನ ಕನ್ನಡ ಶಾಲೆಯಲ್ಲಿ ಅಂತ ನನ್ನನ್ನು ಅಲ್ಲಿಗೆ ಹಾಕಿದ್ದರು. ಅಲ್ಲಿ ಎಲ್ಲರೂ "ಬೋಡಿ, ಬೋಡಿ" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಬಂದು ಬಿಕ್ಕಿದರೆ ದಾದಾ ಹತ್ತಿರ ಕೂರಿಸಿಕೊಂಡು ತಲೆ ಸವರಿದರು.

"ಸಲ್‌ಆ ನೀನು. ಮಳೆ ಬಂದ್ರೆ ಅಲ್ಲೂ ಹುಲ್ಲು ಬರುತ್ತೆ."

ಬಂತು. ಮೊದಲಿಗಿಂತ ದಟ್ಟವಾಗಿಯೇ ಬಂತು. ಆದ್ದರಿಂದ ದಾದಾನ ಕಾಯಿದೆಯ ಮೇಲೆ ನನಗೆ ನಂಬಿಕೆ ಕೂತಿತು. ಅಮ್ಮಿಗೂ ಕೂತಿತ್ತು, ಅದೇ ಕಷ್ಟವಾದದ್ದು.

ಆ ನೆಲದ ಪಾಠದಲ್ಲಿ ಒಂದು ಪದ ಮಾತ್ರ ದಾದಾ ಅವಸರದಲ್ಲಿ ದಾಟಿಸುತ್ತಿದ್ದರು. ಜದ್ದಾ. "ನೀರಿಲ್ಲದ ಬಯಲು. ಹಾಲು ಬತ್ತಿದ ಕುರಿಗೂ ಹೇಳ್ತಾರೆ. ಮುಂದೆ." ಮೂರನೆಯ ಅರ್ಥವೊಂದಿತ್ತು, ಅದನ್ನು ಮೀಸೆ ಬಂದ ಹುಡುಗರಿಗೆ ಮಾತ್ರ ತಗ್ಗಿದ ದನಿಯಲ್ಲಿ, ಕೆಮ್ಮುತ್ತಾ ಹೇಳುತ್ತಿದ್ದರು: ಎದೆ ತುಂಬಿಲ್ಲದ ಹೆಂಗಸು. ಹಸಿರು ಥಾನು ತೆಳ್ಳಗಿತ್ತು. ಈಚೆ ಬೆಳ್ಳುಳ್ಳಿ ಸುಲಿಯುವ ಬೆರಳು ಆಗೊಮ್ಮೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಅಮ್ಮಿ ಉರ್ದುವಿನಲ್ಲಿ ಸೊಸೆ, ಕನ್ನಡದಲ್ಲಿ ಗಿರಾಕಿ. ಮನೆಯೊಳಗೆ ಅವಳ ಧ್ವನಿ ಗಂಟಲು ದಾಟುತ್ತಿರಲಿಲ್ಲ. ಮಾವನೆದುರು ತಲೆಯ ಮೇಲಿನ ಸೆರಗು ಜಾರಿದ್ದು ನಾನು ಕಂಡಿಲ್ಲ. ಅದೇ ಹೆಂಗಸು ಮಾರುಕಟ್ಟೆಯಲ್ಲಿ ಕನ್ನಡಕ್ಕಿಳಿದರೆ ಸೊಪ್ಪಿನವರು ತಕ್ಕಡಿ ಒರೆಸಿಕೊಳ್ಳುತ್ತಿದ್ದರು. "ಏನಪ್ಪ, ಇದು ಸೊಪ್ಪಾ, ನಿನ್ನ ಎಮ್ಮೆ ಬಿಟ್ಟಿದ್ದಾ? ಕಲ್ಲು ತೆಗ್ದು ತೂಗು, ತಕ್ಕಡಿ ಕೆಳಗೆ ಬೆರಳಿಡ್ಬೇಡ." ಆ ಕನ್ನಡ ಅವಳಿಗೆ ಕಲಿಸಿದವಳು ಶರಣಮ್ಮ. ಕಲಬುರಗಿ ಕಡೆಯವಳು, ನಮ್ಮ ತಾರಸಿಯ ಮೇಲಿನ ತಗಡಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಗಂಡ ಹೆಂಡತಿ ಇಬ್ಬರೂ ಇಂದಿರಾನಗರದ ಕಟ್ಟಡಗಳಿಗೆ ಗಾರೆ ಕೆಲಸಕ್ಕೆ ಹೋಗುವವರು. ರಜೆಯ ದಿನ ಇವರಿಬ್ಬರೂ ತಾರಸಿಯಲ್ಲಿ ಬಟ್ಟೆ ಒಗೆಯುತ್ತಾ ನಗುವ ನಗೆಗೆ ಕೆಳಗೆ ದಾದಾ ಪಾಠ ನಿಲ್ಲಿಸಿ ಮೇಲೆ ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ಆ ಭಾಷೆಯಲ್ಲಿ ತಮ್ಮ ಸೊಸೆ ಬೇರೆ ಯಾರೋ ಎಂಬುದು ಅವರಿಗೂ ಗೊತ್ತಿದ್ದಿರಬೇಕು.

ತನ್ನ ಎದೆಯಲ್ಲಿದ್ದ ಗಂಟನ್ನು ಅಮ್ಮಿ ಯಾವಾಗ ಕಂಡುಕೊಂಡಳೋ ತಿಳಿಯದು. ನಮ್ಮ ಮನೆಯ ರೀತಿಯಲ್ಲೇ ಅವಳು ಅದನ್ನು ಅಬ್ಬಾನಿಗೆ ಹೇಳಿದಳು: ಬಯಲಲ್ಲೊಂದು ಕಲ್ಲೆದ್ದಿದೆ. ಅಬ್ಬಾನಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಅವರು ತಾವಾಗಿ ಏನೂ ಮಾಡುವವರಲ್ಲ. ಬಟ್ಟೆಯ ರೇಟನ್ನೂ ತಂದೆಯನ್ನು ಕೇಳಿ ಹೇಳುವವರು. ಊಟಕ್ಕೆ ಕೂತಾಗ ಖಟ್ಟಾ ದಾಲಿನ ಬಟ್ಟಲು ನೋಡುತ್ತಾ ಅದೇ ಮಾತನ್ನು ದಾದಾನಿಗೆ ದಾಟಿಸಿದರು. ದಾದಾ ಕೈ ತೊಳೆದುಕೊಂಡರು. ಮನೆಯ ಹೆಂಗಸರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಮನೆಯ ಹಿರಿಯರು, ಕಾಯಿಲೆ ಹೇಳುವುದೂ ಅವರೇ. ಅದೂ ಕಾಯಿದೆ. ಮರುದಿನ ಗಲ್ಲಿಯ ತುದಿಯ ಡಾಕ್ಟರ ಶಾಪಿಗೆ ಹೊರಟೆವು. ಅಮ್ಮಿ ನನ್ನ ಕೈ ಹಿಡಿದುಕೊಂಡಿದ್ದಳು, ಅದಕ್ಕೆ ನಾನೂ ಹೋದೆ.

"ಏನಾಗ್ತಿದೆಯಮ್ಮ?" ಎಂದರು ಡಾಕ್ಟರು ಉರ್ದುವಿನಲ್ಲಿ. ಅಮ್ಮಿ ದಾದಾನ ಕಡೆ ತಿರುಗಿದಳು. ದಾದಾ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಿದ್ದರು.

"ಸೀನೇ ಮೇ ತಕ್ಲೀಫ್ ಹೈ, ಡಾಕ್ಟರ್ ಸಾಬ್." ಎದೆಯಲ್ಲಿ ತೊಂದರೆ.

"ಕೆಮ್ಮಿದೆಯಾ?"

ದಾದಾ ಕಾದರು. ಡಾಕ್ಟರು ಕಾದರು. ಇಬ್ಬರು ಗಂಡಸರ ನಡುವೆ ಆ ಒಂದು ಪ್ರಶ್ನೆ ಮಾತ್ರ ಮರ್ಯಾದಸ್ಥವಾಗಿತ್ತು, ಅಮ್ಮಿ ಅದನ್ನೇ ಹಿಡಿದುಕೊಂಡಳು. ಹೌದು ಎಂದು ತಲೆಯಾಡಿಸಿದಳು. ಡಾಕ್ಟರು ಬುರ್ಖಾದ ಮೇಲಿಂದಲೇ ಬೆನ್ನಿಗೆ ಕೊಳವೆ ಇಟ್ಟು ಆಲಿಸಿ ಕೆಂಪು ಸಿರಪ್ ಬರೆದುಕೊಟ್ಟರು. ಬರುವ ದಾರಿಯಲ್ಲಿ ದಾದಾನಿಗೆ ಎಷ್ಟು ಹಗುರಾಯಿತೆಂದರೆ ನಮಗಿಬ್ಬರಿಗೂ ಬನ್ ಕೊಡಿಸಿದರು.

ಆ ಕೆಂಪು ಸಿರಪ್ ಖಾಲಿಯಾಯಿತು, ಮತ್ತೊಂದು ಬಂತು. ದಾದಾ ನೀರಿಗೆ ಮಂತ್ರಿಸಿ ಊದಿ ಕೊಟ್ಟರು, ಯಾರೋ ಹೇಳಿದ ಬೇರು ತರಿಸಿದರು, ತಮ್ಮ ಪಾಲಿನ ಹಾಲನ್ನು ಅವಳಿಗೆ ಮೀಸಲಿಟ್ಟರು. ಕಾಳಜಿ ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಇತ್ತ ಅಮ್ಮಿ ಎಡಗೈಯಲ್ಲಿ ಹಂಡೆ ಎತ್ತುವುದು ಬಿಟ್ಟಳು. ಕುಪ್ಪಸದ ಕಂಕುಳ ಬಿಚ್ಚಿ ತಾನೇ ಸಡಿಲ ಹೊಲಿದುಕೊಂಡಳು. ನನ್ನನ್ನು ಆ ಪಕ್ಕಕ್ಕೆ ಮಲಗಿಸಿಕೊಳ್ಳುತ್ತಿರಲಿಲ್ಲ. ಯಾಕೆಂದು ಕೇಳಿದರೆ, ಈ ಕಡೆ ಗೋಡೆ ತಂಪು ಎನ್ನುತ್ತಿದ್ದಳು.

ಕೊನೆಗೆ ನೋಡಿದವಳು ಶರಣಮ್ಮ. ತಾರಸಿಯಲ್ಲಿ ಕಂಬಳಿ ಹಿಂಡುವಾಗ ಅಮ್ಮಿಯ ಕೈ ಜಾರಿ ಸೆರಗು ಸರಿಯಿತು. ನಾನು ಕ್ಲಿಪ್ಪುಗಳ ಡಬ್ಬಿ ಹಿಡಿದು ಅಲ್ಲೇ ಕೂತಿದ್ದೆ.

"ಏನ್ರೀ ಬೂಬು ಇದು! ಮಲಿ ಕಲ್ಲ ಆಗ್ಯದಲ್ಲ! ಡಾಕ್ಟರ್ ನೋಡ್ಯಾನಿಲ್ಲ?"

"ನೋಡಿದಾರೆ. ಕೆಮ್ಮಿಗೆ ಔಷಧಿ ಕೊಟ್ಟಿದಾರೆ."

"ಕೆಮ್ಮಿಗಾ? ಇದು ಕೆಮ್ತದೇನ್ರೀ?"

ಇಬ್ಬರೂ ನಕ್ಕರು. ಅವರು ನಿಜವಾಗಿಯೂ ನಕ್ಕಿದ್ದರು. ಆಮೇಲೆ ಅಮ್ಮಿ ಕಂಬಳಿಯ ಮೇಲೆಯೇ ಕೂತುಬಿಟ್ಟಳು.

"ಅಬ್ಬಾಜಿ ಮುಂದೆ ಹೇಗೆ ಹೇಳ್ಲಿ ಶರಣಮ್ಮ? ಮಾವ ಅಂದ್ರೆ ಅಪ್ಪನ ಸಮಾನ. ನಾಲಿಗೆ ಏಳಲ್ಲ."

"ಅಪ್ಪಗ ಹೊರಗ ಕುಂದ್ರಸ್ರಿ! ನಾ ಬರ್ತೀನಿ ನಡೀರಿ."

"ಬೇರೆಯವರ ಜೊತೆ ಕಳಿಸಲ್ಲ ಅವರು. ಅವರಿಗೆ ಅವಮಾನ ಆಗುತ್ತೆ."

"ಅವಮಾನ ಆದ್ರ ಸಾಯಂಗಿಲ್ಲ ಅವ್ರು. ನೀವ್ ಸಾಯ್ತೀರಿ."

ಆ ಸಂಜೆ ಅಮ್ಮಿ ಪರದೆಯ ಈಚೆ ನಿಂತು ಜೀವನದಲ್ಲಿ ಮೊದಲ ಬಾರಿ ಮಾವನೊಂದಿಗೆ ಚೌಕಾಸಿ ಮಾಡಿದಳು. ಕೆಮ್ಮು ಹೋಗಿಲ್ಲ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಳು. ದಾದಾ ಬೇರು ಬದಲಾಯಿಸೋಣ ಎಂದರು. ಅವಳು ಬೇಡ ಎಂದಳು. ಹಬ್ಬ ಆಗಲಿ ಎಂದರು. ಹಬ್ಬಕ್ಕೆ ಮುಂಚೆ ಎಂದಳು. ಸೊಪ್ಪಿನವನಿಗೆ ಹೇಳುವ ಹಾಗೆ, ಆದರೆ ಬಲು ಮೆಲ್ಲಗೆ. ದಾದಾ ಒಪ್ಪಿದರು, ಶರಣಮ್ಮನ ಜೊತೆ ಅಲ್ಲ, ನಾನೇ ಬರುತ್ತೇನೆ ಎಂಬ ಷರತ್ತಿನ ಮೇಲೆ.

ದೊಡ್ಡಾಸ್ಪತ್ರೆಯಲ್ಲಿ ಇದ್ದದ್ದು ಲೇಡಿ ಡಾಕ್ಟರು. ದಾದಾ ಕೋಲನ್ನು ಗೋಡೆಗೆ ಒರಗಿಸಿ, ಟೋಪಿ ಸರಿಮಾಡಿಕೊಂಡು, ಅದೇ ಮಾತು ತೆಗೆದರು. "ಸೀನೇ ಮೇ..."

"ನಂಗೆ ಉರ್ದು ಬರಲ್ಲ ಅಜ್ಜ. ಕನ್ನಡದಲ್ಲಿ ಹೇಳಿ, ಏನು ತೊಂದ್ರೆ?"

ದಾದಾನಿಗೆ ಕನ್ನಡ ಅರ್ಥವಾಗುತ್ತಿತ್ತು, ಅಂಗಡಿ ಬಸ್ಸುಗಳ ಮಟ್ಟಿಗೆ ಆಡಲೂ ಬರುತ್ತಿತ್ತು. ಅವರು ಮಾತು ಹುಡುಕುತ್ತಿದ್ದರು. ಅಷ್ಟರಲ್ಲಿ ನನ್ನ ಪಕ್ಕದಿಂದ ಒಂದು ಧ್ವನಿ ಬಂತು. ಅದು ಮನೆಯ ಧ್ವನಿಯಲ್ಲ, ಮಾರುಕಟ್ಟೆಯ ಧ್ವನಿ.

"ಡಾಕ್ಟರೇ, ನನ್ನ ಎಡಗಡೆ ಮೊಲೆಯಲ್ಲಿ ಗಂಟಿದೆ. ಮೊದಲು ಕಡಲೆಕಾಳಷ್ಟಿತ್ತು, ಈಗ ನಿಂಬೆಹಣ್ಣಾಗಿದೆ. ಕಂಕುಳಲ್ಲೂ ಸಿಗುತ್ತೆ ಕೈಗೆ. ಕೆಮ್ಮಿಲ್ಲ. ಕೆಮ್ಮು ಯಾವತ್ತೂ ಇರಲೇ ಇಲ್ಲ."

ಉರ್ದುವಿನಲ್ಲಿ ಸತ್ತರೂ ಬಾರದಿದ್ದ ಮಾತು ಕನ್ನಡದಲ್ಲಿ ಒಂದೇ ಉಸಿರಿಗೆ ಬಂತು. ಆ ಭಾಷೆಯಲ್ಲಿ ಅವಳು ಯಾರ ಸೊಸೆಯೂ ಆಗಿರಲಿಲ್ಲ. ದಾದಾ ಕೋಲು ತೆಗೆದುಕೊಂಡು ಹೊರಗೆ ನಡೆದರು. ಡಾಕ್ಟರು ಪರದೆ ಎಳೆದು ನೋಡಿದರು, ಬಹಳ ಹೊತ್ತು ನೋಡಿದರು, ನೋಡುತ್ತಾ ಅವರ ಮುಖ ಬದಲಾಯಿತು.

"ಯಾಕಮ್ಮ ಇಷ್ಟು ದಿನ ಸುಮ್ನಿದ್ರಿ?"

"ಹೇಳೋರು ಇರ್ಲಿಲ್ಲ," ಎಂದಳು ಅಮ್ಮಿ.

ನಾನು ಹೊರಗೆ ಬಂದೆ. ದಾದಾ ಬೆಂಚಿನ ತುದಿಯಲ್ಲಿ, ಯಾರಿಗೋ ಜಾಗ ಬಿಟ್ಟವರಂತೆ ಕೂತಿದ್ದರು. ಏನಂತೆ ಎಂದರು. ಗಂಟಂತೆ ಎಂದೆ. ಎಲ್ಲಿ ಎಂದರು. ಅವರು ಕೇಳಿಸಿಕೊಂಡಿದ್ದರು, ಆದರೂ ಕೇಳಿದರು. ನಾನು ಆ ಕನ್ನಡ ಪದವನ್ನೇ ಹೇಳಿದೆ. ಅವರು ಕೋಪ ಮಾಡಲಿಲ್ಲ. ಮಗ್ಗಿ ಒಪ್ಪಿಸಿದ ಹುಡುಗನಿಗೆ ತಲೆಯಾಡಿಸುವಂತೆ ತಲೆಯಾಡಿಸಿದರು. ಎದುರಿಗೇ ಟೀ ಮಾರುವವನಿದ್ದ. ಆ ಮುದುಕನಿಗೆ ಒಂದು ಲೋಟ ತಂದುಕೊಡುವವರು ಅಲ್ಲಿ ಯಾರೂ ಇರಲಿಲ್ಲ.

ಆಪರೇಷನ್ ಮಾಡಿ ಎಡಮೊಲೆ ತೆಗೆದರು. ತಡವಾಗಿತ್ತು ಎಂದು ಅಬ್ಬಾನಿಗೆ ಹೇಳಿದ್ದರು, ಅಬ್ಬಾ ಯಾರಿಗೂ ಹೇಳಲಿಲ್ಲ, ಎಲ್ಲರಿಗೂ ತಿಳಿದಿತ್ತು. ಅಮ್ಮಿ ನಡುವಿನ ಕೋಣೆಯಲ್ಲಿ ಪರದೆಯ ಹತ್ತಿರ ಮಲಗಿರುತ್ತಿದ್ದಳು. ಆಚೆ ಪಾಠ ನಡೆಯುತ್ತಿತ್ತು, ದಾದಾನ ದನಿ ಸಣ್ಣಗಾಗಿತ್ತು. ಒಂದು ಮಧ್ಯಾಹ್ನ ಹುಡುಗರು ಇನ್ನೂ ಬಂದಿರಲಿಲ್ಲ. ರಫೀಕ ಹೊಸ್ತಿಲ ಮೇಲೆ ಕೂತು ಬೂಟಿಗೆ ಲೇಸು ಪೋಣಿಸುತ್ತಿದ್ದ. ಅಮ್ಮಿ ಮಲಗಿದ್ದಲ್ಲಿಂದಲೇ, ಉರ್ದುವಿನಲ್ಲೇ, ಪರದೆಗೆ ಕೇಳಿಸುವಷ್ಟು ಜೋರಾಗಿ ಕೇಳಿದಳು.

"ಅಬ್ಬಾಜಿ, ಇದಕ್ಕೊಂದು ಹೆಸರಿದೆಯಲ್ಲ? ಈಗ ನಾನಾಗಿರೋದಕ್ಕೆ?"

ಆಚೆ ಪುಟ ತಿರುವುವುದು ನಿಂತಿತು.

"ನೆನಪಿಲ್ಲ ಬೇಟಿ."

"ನೀವು ಮರೆಯೋರಲ್ಲ."

ಆಚೆ ಪುಸ್ತಕ ಮುಚ್ಚಿದ ಸದ್ದಾಯಿತು.

"ಜದ್ದಾ," ಎಂದಳು ಅಮ್ಮಿ. "ನೀರಿಲ್ಲದ ಬಯಲು. ಹಾಲು ಬತ್ತಿದ ಕುರಿ. ಮೂರನೇದೂ ಗೊತ್ತು ನಂಗೆ. ಸರಿಯಾಗಿ ಹೇಳಿದ್ನಾ?"

ರಫೀಕ ಎದ್ದು, ಒಂದು ಬೂಟಿಗೆ ಮಾತ್ರ ಲೇಸಿದ್ದ ಹಾಗೇ ಗಲ್ಲಿಗೆ ಓಡಿದ. ಅವನು ಇವತ್ತಿಗೂ ಓಡುತ್ತಿದ್ದಾನೆ ಅನ್ನಿಸುತ್ತದೆ ನನಗೆ. ಅವನ ಮೇಲೆ ಸಿಟ್ಟಿಲ್ಲ. ಪರದೆಯಾಚೆ ಕೋಲು ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ದಾದಾನ ದನಿ.

"ಸರಿ ಇದೆ, ಬೇಟಿ. ಉಚ್ಚಾರವೂ ಸರಿ ಇದೆ."

ಅಷ್ಟು ವರ್ಷ ಪರದೆಯ ಈಚೆ ಕೂತು ಕಲಿತದ್ದಕ್ಕೆ ಅವಳಿಗೆ ಸಿಕ್ಕಿದ ಸರ್ಟಿಫಿಕೇಟು ಅದೊಂದೇ. ಮುಂದಿನ ರಂಜಾನಿಗೆ ಅವಳಿರಲಿಲ್ಲ. ಶರಣಮ್ಮ ಬಂದು ಅಳುತ್ತಾ ದಾದಾನ ಮುಂದೆ ನಿಂತಳು, ಏನೋ ಹೇಳಲು ಬಾಯಿ ತೆರೆದಳು, ಅವರ ಮುಖ ನೋಡಿ ಹೇಳದೆ ಮೇಲೆ ಹೋದಳು. ಹಸಿರು ಪರದೆಯನ್ನು ದಾದಾ ತಾವೇ ಕಿತ್ತು ಮಡಚಿಟ್ಟರು. ಬೋಳು ನೆಲದ ಪಾಠ ಆಮೇಲೆ ನಮ್ಮ ಮನೆಯಲ್ಲಿ ಆಗಲಿಲ್ಲ.

ನಾನು ದೊಡ್ಡವಳಾದ ಮೇಲೆ ಒಮ್ಮೆ ಹೊಟ್ಟೆನೋವೆಂದು ನೆಲಕ್ಕೆ ಬಿದ್ದು ಉರುಳಾಡಿದೆ. ದಾದಾನಿಗೆ ಆಗ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಆಟೋ ಮಾಡಿಸಿಕೊಂಡು ಅದೇ ಆಸ್ಪತ್ರೆಗೆ ಕರೆದೊಯ್ದರು. ಬಾಗಿಲ ತನಕ ಬಂದು ನಿಂತರು.

"ನೀನೇ ಹೇಳು. ಕನ್ನಡದಲ್ಲಿ ಹೇಳು. ಪೂರ್ತಿ ಹೇಳು."

ಹೇಳಿ ಹೋಗಿ ಬೆಂಚಿನ ತುದಿಯಲ್ಲಿ ಕೂತರು. ನಾನು ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಆವತ್ತಿನಿಂದ ಯಾರ ಮುಂದೆಯೂ ಅರ್ಧ ಹೇಳಿ ಅಭ್ಯಾಸವಿಲ್ಲ ನನಗೆ. ವ್ಯಾಪಾರದಲ್ಲಿ ಅದು ನಷ್ಟ ಅನ್ನುತ್ತಾರೆ, ನನಗೆ ನಷ್ಟವಾಗಿಲ್ಲ.

ಈಗ ನಿಮಗೆರಡು ಮಾತು. ಕೇಳಿಲ್ಲದಿದ್ದರೂ ಹೇಳುವವಳು ನಾನು. ಜಾಗ ಕೊಳ್ಳುವಾಗ ನೆಲ ನುಣ್ಣಗೆ ಸಮತಟ್ಟಾಗಿದೆ ಅಂತ ಮರುಳಾಗಬೇಡಿ. ಬೇಸಗೆಯಲ್ಲಿ ಹೋಗಿ ಬಿರುಕು ನೋಡಿ, ಮಳೆಗಾಲದಲ್ಲಿ ಹೋಗಿ ನೀರು ನೋಡಿ, ಎರಡನ್ನೂ ನೋಡಿದ ಮೇಲೆ ಅಡ್ವಾನ್ಸು ಕೊಡಿ. ಕೆರೆಯಂಗಳವನ್ನು ಲೇಔಟು ಎಂದು ಮಾರುವವನು ಎಷ್ಟು ಚಂದದ ಹೆಸರಿಟ್ಟಿದ್ದರೂ ಅದು ಕೆರೆಯಂಗಳವೇ. ಇನ್ನು ಮೈ. ಸ್ನಾನ ಮಾಡುವಾಗ ನಿಮ್ಮ ಕೈಯಿಂದಲೇ ಮುಟ್ಟಿ ನೋಡಿಕೊಳ್ಳಿ, ಕಂಕುಳನ್ನು ಬಿಡಬೇಡಿ. ಏನಾದರೂ ಸಿಕ್ಕರೆ ಹಬ್ಬ ಕಳೆಯಲಿ ಎನ್ನಬೇಡಿ. ನಿಮ್ಮ ಮನೆಯ ಹೆಂಗಸಿಗೆ ಯಾವ ಭಾಷೆಯಲ್ಲಿ ನಾಚಿಕೆ ಕಡಿಮೆಯೋ ಆ ಭಾಷೆಯ ಡಾಕ್ಟರನ್ನು ಹುಡುಕಿ. ಒಳಗೆ ಅವಳೊಬ್ಬಳೇ ಹೋಗಲಿ, ಅವಳ ಬಾಯಿಂದಲೇ ಹೇಳಲಿ. ಅಪ್ಪ, ಮಾವ, ಗಂಡ, ಎಷ್ಟೇ ಪ್ರೀತಿಯವರಿರಲಿ, ಹೊರಗೆ ಕೂರಿಸಿ. ಕೂರಿಸಿದ ಮೇಲೆ ಅವರಿಗೊಂದು ಲೋಟ ಟೀ ತಂದುಕೊಡಿ. ಅವರಿಗೂ ಬೇಕಾಗುತ್ತೆ.